ತೂಕದ ಗೇಟಿನ ಸಾಕೆಟ್ಟು

ಗೆಟ್‌ಸಾಕ್‌ಆಪ್ಟ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನ ಒಂದು ಸಾಲನ್ನು ಕಲಿಯಲು ನನಗೆ ತಗುಲಿದ ಖರ್ಚು ಒಂದು ಸ್ಕೂಟರು. ಹಸಿರು ಬಣ್ಣದ್ದು. ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಆದರೆ ಎಂಥ ಚಳಿಯಲ್ಲೂ ಒಂದೇ ಕಿಕ್ಕಿಗೆ ಎದ್ದು ನಿಲ್ಲುತ್ತಿತ್ತು. ಅದನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಮೇಷ್ಟರೊಬ್ಬರಿಗೆ ಕೊಟ್ಟೆ. ಸುಮ್ಮನೆ ಕೊಡಲಿಲ್ಲ. ಸ್ಕೂಟರಿಗೆ ಬದಲು ಸಿ ಭಾಷೆಯ ಪೂರ್ತಿ ಕೋರ್ಸು, ಭಾನುವಾರ ಅವರ ಯಂತ್ರದ ಮುಂದೆ ನನಗೊಂದು ಕುರ್ಚಿ, ಯಂತ್ರವನ್ನು ನಡೆಸುವ ಯೂನಿಕ್ಸ್ ವ್ಯವಸ್ಥೆಯ ಕೈಪಿಡಿಯ ಜೆರಾಕ್ಸ್ ಪ್ರತಿ. ಇಷ್ಟಕ್ಕೆ ಮೇಷ್ಟರು ಒಪ್ಪಿದರು. ಆಮೇಲೆ ನಾನು ಮೆಲ್ಲಗೆ ಇನ್ನೊಂದು ಸೇರಿಸಿದೆ: ಕ್ಲಾಸು ಮುಗಿದ ಮೇಲೆ ಅದೇ ಸ್ಕೂಟರಿನಲ್ಲಿ ನನ್ನನ್ನು ಉರಿಗಾಂ ಸ್ಟೇಷನ್ನಿಗೆ ಬಿಡಬೇಕು. ಅವರು ತಲೆ ಅಲ್ಲಾಡಿಸಿ ಟೀ ತರಿಸಿದರು. ಟೀ ಮುಗಿಯುವಷ್ಟರಲ್ಲಿ ಅದಕ್ಕೂ ಒಪ್ಪಿದರು. ಕೋರ್ಸು ಮುಗಿಯುವವರೆಗೂ ನಾನು ಮಾರಿದ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು, ಗೇರು ಬದಲಿಸುವುದು ಹೇಗೆ ಅಂತ ಮೇಷ್ಟರಿಗೇ ಪಾಠ ಹೇಳುತ್ತ ಸ್ಟೇಷನ್ನಿಗೆ ಹೋಗುತ್ತಿದ್ದೆ.

ಯಾಕೆ ಕೊಟ್ಟೆ ಅಂದರೆ, ನಲವತ್ತು ದಾಟಿದ ಮೇಲೂ ನಾನು ಕಾರ್ಖಾನೆಯಲ್ಲಿ ಸೈಕಲ್ ತುಳಿಯುತ್ತಿದ್ದೆ. ಉರಿಗಾಂ ಪಕ್ಕದ ಎರಕದ ಕಾರ್ಖಾನೆ ನಮ್ಮದು. ಹಳೆ ಕಬ್ಬಿಣ, ಕಲ್ಲಿದ್ದಲು, ಮರಳು ತುಂಬಿದ ಲಾರಿಗಳು ಗೇಟಿನಲ್ಲಿ ತೂಕವಾಗಿ ಒಳಗೆ ಹೋಗಬೇಕು. ಅಲ್ಲಿ ಬರೆದ ತೂಕದ ಚೀಟಿಯನ್ನು ದಿಬ್ಬದ ಮೇಲಿದ್ದ ಸ್ಟೋರ್ಸಿಗೆ ಮುಟ್ಟಿಸುವ ಕೆಲಸ ನನ್ನದು. ಎಪ್ಪತ್ತರ ದಶಕದಲ್ಲಿ ಸೇರಿದಾಗ ಇದು ಆರಾಮದ ಕೆಲಸ ಅನ್ನಿಸಿತ್ತು. ಹೋಗುವಾಗ ಏರು, ಬರುವಾಗ ಇಳಿಜಾರು, ಕಾಲು ಎತ್ತಿಕೊಂಡು ಬಂದರಾಯಿತು. ಇಪ್ಪತ್ತು ವರ್ಷ ಕಳೆದ ಮೇಲೆ ಏರು ಮಾತ್ರ ಜ್ಞಾಪಕದಲ್ಲಿ ಉಳಿಯುತ್ತದೆ.

ನಾನು ಬಂದದ್ದು ಕಾಮಸಮುದ್ರದ ಕಡೆಯಿಂದ. ನಮ್ಮಪ್ಪ ದನದ ದಳ್ಳಾಳಿ. ಸಂತೆಯಲ್ಲಿ ಕೊಳ್ಳುವವನ ಕೈಯನ್ನೂ ಮಾರುವವನ ಕೈಯನ್ನೂ ಟವೆಲಿನ ಅಡಿಯಲ್ಲಿ ಹಿಡಿದು ಬೆರಳು ಒತ್ತಿ ದರ ಹೇಳುವ ಕಸುಬು. ಸುತ್ತ ನೂರು ಜನ ನಿಂತಿದ್ದರೂ ದರ ಟವೆಲಿನ ಒಳಗೆ ಕೈ ಇಟ್ಟವರಿಗೇ ಗೊತ್ತು. ನನಗೆ ಅಕ್ಷರ ಶಾಲೆಯಲ್ಲಿ ಬಂತು, ವ್ಯವಹಾರ ಆ ಟವೆಲಿನಲ್ಲಿ ಬಂತು.

ಗೇಟಿನ ಸಂಗತಿ ಹೇಳಬೇಕಾದರೆ ದೊರೈ ಸಾರ್ ಬಗ್ಗೆ ಹೇಳಲೇಬೇಕು. ವೇಬ್ರಿಡ್ಜಿನ, ಎಂದರೆ ಲಾರಿ ತೂಗುವ ಕಾಟಾದ ಯಜಮಾನರು ಅವರು. ತೂಕದ ಕಾಗದಕ್ಕೆ ಅವರ ಸಹಿ ಬೀಳದೆ ಒಂದು ಮೊಳೆಯೂ ಒಳಗೆ ಹೋಗುತ್ತಿರಲಿಲ್ಲ. ಉರಿಗಾಂನಲ್ಲಿ ಹುಟ್ಟಿದವರು. ಬೈಯುವುದು ತಮಿಳಿನಲ್ಲಿ, ಲೆಕ್ಕ ಹೇಳುವುದು ಕನ್ನಡದಲ್ಲಿ, ಕಾಮಸಮುದ್ರದ ಆಚೆಯಿಂದ ಬರುವ ಲಾರಿಯವರ ಹತ್ತಿರ ತೆಲುಗಿನಲ್ಲಿ ನಯವಾಗಿ ಮಾತಾಡಿ ಗುಟ್ಟು ತೆಗೆಯುವುದು. ಅವರದ್ದೊಂದು ಕಾಯಿದೆ ಇತ್ತು. ಪ್ರತಿ ಲಾರಿಯನ್ನೂ ಮೂರು ಸಲ ತೂಗಬೇಕು. ಕಾಟಾದ ಮುಳ್ಳು ನಿಂತಾಗ ಒಬ್ಬ ತೂಕ ಕೂಗಬೇಕು, ಬಿಟ್ಟು ಮತ್ತೆ ತೂಕ ಹಿಡಿಯಬೇಕು, ಇನ್ನೊಬ್ಬ ಕೂಗಬೇಕು, ಮತ್ತೊಮ್ಮೆ ಹಿಡಿದಾಗ ಅವರೇ ಕೂಗುತ್ತಿದ್ದರು. ಮೂರರಲ್ಲಿ ಯಾವ ಎರಡು ಒಂದೇ ಬರುತ್ತವೋ ಅದೇ ತೂಕ.

ಈ ಕಾಯಿದೆಗೆ ಅರ್ಥ ಇತ್ತು. ಲಾರಿ ಕಾಟಾದ ಹಲಗೆ ಹತ್ತಿದ ತಕ್ಷಣ ಇನ್ನೂ ತೂಗಾಡುತ್ತಿರುತ್ತದೆ, ಡ್ರೈವರ್ ಬಾಗಿಲು ತೆಗೆದು ಒಂದು ಕಾಲು ಕೆಳಗೆ ಇಟ್ಟಿರುತ್ತಾನೆ, ಮೊದಲ ತೂಕ ಹೆಚ್ಚುಕಡಿಮೆ ಯಾವಾಗಲೂ ಸುಳ್ಳು. ಒಂದು ಸಲ ಮರಳಿನ ಲಾರಿಯ ಮೂರು ತೂಕವೂ ಮೂರು ತರಹ ಬಂದವು. ದೊರೈ ಸಾರ್ ಕೋಲು ಹಿಡಿದು ಲಾರಿಯ ಸುತ್ತ ಎರಡು ಸುತ್ತು ಬಂದು, ಮರಳಿನ ಮೇಲೆ ಹೊದಿಸಿದ್ದ ಟಾರ್ಪಾಲನ್ನು ಕೋಲಿನಿಂದ ತಟ್ಟಿದರು. ಟಾರ್ಪಾಲು ಕೆಮ್ಮಿತು. ಒಳಗೆ ಕ್ಲೀನರು ಮಲಗಿದ್ದ, ಸೆಕೆಗೆ ಮಗ್ಗಲು ಬದಲಿಸುತ್ತಿದ್ದ. ಅವನನ್ನು ಇಳಿಸಿ, ನೀರು ಕುಡಿಸಿ, ಅವನನ್ನೂ ಬೇರೆಯಾಗಿ ಮೂರು ಸಲ ತೂಗಿಸಿ ಕಳಿಸಿದರು. ಅವತ್ತಿನಿಂದ ಆ ಕಾಯಿದೆಯ ಬಗ್ಗೆ ನಗುವ ಧೈರ್ಯ ಯಾರಿಗೂ ಬರಲಿಲ್ಲ.

ತೊಂಬತ್ತರ ದಶಕದಲ್ಲಿ ಹಿರೇಮಠ ಸಾಹೇಬರು ಮ್ಯಾನೇಜರಾಗಿ ಬಂದರು. ಹುಬ್ಬಳ್ಳಿ ಕಡೆಯವರು. ಗೇಟಿನಲ್ಲೊಂದು ಕಂಪ್ಯೂಟರು, ಸ್ಟೋರ್ಸಿನಲ್ಲೊಂದು ಕಂಪ್ಯೂಟರು, ನಡುವೆ ಒಂದು ತಂತಿ, ತೂಕ ತಂತಿಯಲ್ಲಿ ಓಡಲಿ, ಸೈಕಲ್ ಸಾಕು ಅಂದರು. ಸೈಕಲ್ ಸಾಕು ಅಂದರೆ ನಾನೂ ಸಾಕು ಅಂತ ಅರ್ಥ. ನಾನು ಅವರ ಕೋಣೆಗೆ ಹೋಗಿ, ಹೊರಗಿನ ಕಂಪನಿಗೆ ಪ್ರೋಗ್ರಾಂ ಬರೆಯಲು ಕೊಟ್ಟರೆ ಪ್ರತಿ ರಿಪೇರಿಗೂ ಅವರು ಬರುವವರೆಗೆ ಕಾಯಬೇಕು, ನನಗೆ ಲಾರಿಯೂ ಗೊತ್ತು ಸ್ಟೋರ್ಸೂ ಗೊತ್ತು, ಸಿ ಒಂದು ಕಲಿತುಬಿಡುತ್ತೇನೆ, ನನ್ನನ್ನೇ ಹಾಕಿಕೊಳ್ಳಿ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

“ಕಲೀರಿ ನೋಡೋಣು. ಕಲತ್ರ ಕಂಪ್ಯೂಟರ್ ರೂಮು. ಕಲೀಲಿಲ್ಲಂದ್ರ ಸೈಕಲ್ಲೂ ಇರಂಗಿಲ್ಲ.”

ಹಾಗೆ ಸ್ಕೂಟರು ಹೋಯಿತು. ನಾನು ಮನೆಯಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ, ತೊಡೆಯ ಮೇಲೆ ಜೆರಾಕ್ಸ್ ಹರಡಿಕೊಂಡು, ಹಾಲಿನ ಕ್ಯಾನು ಸೊಪ್ಪಿನ ಮೂಟೆಗಳ ನಡುವೆ ಸಿ ಭಾಷೆಯ ಪಾಯಿಂಟರುಗಳ ಪಾಠವನ್ನು ಬಾಯಿಪಾಠ ಮಾಡುತ್ತ ಕೆಲಸಕ್ಕೆ ಹೋಗತೊಡಗಿದೆ. ಪಕ್ಕದಲ್ಲಿ ಕೂತವರು ನಾನು ಯಾವುದೋ ವ್ರತ ಹಿಡಿದಿದ್ದೇನೆ ಅಂದುಕೊಂಡು ಜಾಗ ಬಿಡುತ್ತಿದ್ದರು. ಆ ಜಾಗದ ಆಸೆಗೆ ಇನ್ನೂ ಜೋರಾಗಿ ಓದುತ್ತಿದ್ದೆ.

ಕಂಪ್ಯೂಟರ್ ಬಂದ ದಿನ ಪೂಜೆ. ಹೂವು, ಊದಿನಕಡ್ಡಿ, ಕಡ್ಲೆಪುರಿ ಎಲ್ಲ ಆಯಿತು. ಹೊಸ ಗಾಡಿ ಬಂದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದು ಗೇಟಿನ ಪದ್ಧತಿ. ಆ ಪದ್ಧತಿ ಬಿಡಲು ದೊರೈ ಸಾರ್ ತಯಾರಿಲ್ಲ. ಕಂಪ್ಯೂಟರಿಗೆ ಚಕ್ರ ಎಲ್ಲಿದೆ? ಕೊನೆಗೆ ಹೊಸ ಕುರ್ಚಿಗೆ ಚಕ್ರ ಇದೆಯೆಂದು ಕಂಡುಹಿಡಿದು, ಅದರಲ್ಲಿ ಫಿಲೋಮಿನಾಳನ್ನು ಕೂರಿಸಿ, ನಾಲ್ಕು ನಿಂಬೆಹಣ್ಣಿನ ಮೇಲೆ ಉರುಳಿಸಿದರು. ಒಂದು ಹಣ್ಣು ಜಾರಿ ಹಿರೇಮಠ ಸಾಹೇಬರ ಬೂಟಿನ ಕೆಳಗೆ ಒಡೆಯಿತು. ಸಾಹೇಬರು ಅದನ್ನು ಶುಭ ಅಂದರು.

ಈ ಫಿಲೋಮಿನಾ ರಾಬರ್ಟ್‌ಸನ್‌ಪೇಟೆಯ ಹುಡುಗಿ. ಡಿಪ್ಲೊಮಾ ಓದಿದವಳು. ಅವರಪ್ಪ ಚಿನ್ನದ ಗಣಿಯಲ್ಲಿದ್ದು ಎದೆಯ ಕಾಯಿಲೆಯಿಂದ ಮನೆಯಲ್ಲಿ ಕೂತಿದ್ದರು, ಮನೆ ಇವಳ ಸಂಬಳದ ಮೇಲೆ ನಿಂತಿತ್ತು. ಕೆಲಸ ಮಾತ್ರ ತಾತ್ಕಾಲಿಕ. ಕಂಪ್ಯೂಟರ್ ರೂಮು ಇರುವಷ್ಟು ದಿನ ಅವಳ ಆರ್ಡರ್ ಮುಂದುವರಿಯುತ್ತದೆ, ರೂಮಿಗೆ ಬೀಗ ಬಿದ್ದರೆ ಅವಳೂ ಮನೆಗೆ. ನನಗಾದರೆ ಸೈಕಲ್ ಇತ್ತು. ಅವಳಿಗೆ ಅದೂ ಇರಲಿಲ್ಲ. ನನ್ನನ್ನು ಅಣ್ಣಾ ಎನ್ನುತ್ತಿದ್ದಳು. ನಾನು ತಪ್ಪು ಮಾಡಿದಾಗ ಮಾತ್ರ ಚೌಡಪ್ಪಣ್ಣಾ ಎಂದು ಪೂರ್ತಿ ಹೆಸರು ಹಿಡಿಯುತ್ತಿದ್ದಳು.

ಈಗ ಸಾಕೆಟ್ಟು ಎಂದರೇನು ಅಂತ ಹೇಳಿಬಿಡುತ್ತೇನೆ. ಎರಡು ಕಂಪ್ಯೂಟರುಗಳಲ್ಲಿರುವ ಎರಡು ಪ್ರೋಗ್ರಾಂ ಮಾತಾಡಬೇಕಾದರೆ ಒಂದೊಂದು ಕಡೆಯೂ ಒಂದೊಂದು ಕಿವಿ-ಬಾಯಿ ಬೇಕು. ಅದೇ ಸಾಕೆಟ್ಟು. ಅದು ಹೇಗೆ ನಡೆದುಕೊಳ್ಳಬೇಕೆಂದು ನಾವು ಮೊದಲೇ ಹೇಳಿಡಬಹುದು: ಎಷ್ಟು ಮಾತು ಕೂಡಿಟ್ಟುಕೊಳ್ಳಬೇಕು, ಎದುರಿನವನು ಬದುಕಿದ್ದಾನಾ ಎಂದು ಆಗಾಗ ವಿಚಾರಿಸಬೇಕಾ, ಇಂಥವು. ಹೇಳಿಡುವ ಸಾಲು ಸೆಟ್‌ಸಾಕ್‌ಆಪ್ಟ್. ಈಗ ನೀನು ಯಾವ ಸ್ಥಿತಿಯಲ್ಲಿದ್ದೀಯಪ್ಪಾ ಎಂದು ವಾಪಸ್ ಕೇಳುವ ಸಾಲು ಗೆಟ್‌ಸಾಕ್‌ಆಪ್ಟ್.

ಹುಡುಗರೆಲ್ಲ ಸೆಟ್ ಬರೆದು ಕೈ ತೊಳೆದುಕೊಳ್ಳುತ್ತಾರೆ. ನನ್ನದು ಸಂತೆಯ ಬುದ್ಧಿ. ಕೇಳಿದ್ದು ಬೇರೆ, ಸಿಕ್ಕಿದ್ದು ಬೇರೆ ಇರಬಹುದಲ್ಲ ಅಂತ ಒಂದು ದಿನ, ಮಾತು ಕೂಡಿಡುವ ಸಾಕೆಟ್ಟಿನ ಗೋದಾಮು ಇಷ್ಟು ದೊಡ್ಡದಿರಲಿ ಎಂದು ಹೇಳಿ, ತಕ್ಷಣ ಗೆಟ್ ಹಾಕಿ ಎಷ್ಟು ಕೊಟ್ಟೆ ಎಂದು ಕೇಳಿದೆ. ನಮ್ಮ ಯೂನಿಕ್ಸ್ ಬೇರೆಯೇ ಅಂಕಿ ಹೇಳಿತು. ನಾನು ಕೇಳಿದ್ದನ್ನು ತಲೆಯಾಡಿಸಿ ಒಪ್ಪಿಕೊಂಡು, ತನಗೆ ಅನುಕೂಲವಾದಷ್ಟನ್ನು ಕೊಟ್ಟು ಸುಮ್ಮನಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದೆ. ಅಷ್ಟು ದಿನ ಈ ಯಂತ್ರ ಪರದೇಶದ್ದು, ನಮ್ಮಂಥವರಿಗೆ ಒಗ್ಗುವುದಿಲ್ಲ ಅಂದುಕೊಂಡಿದ್ದೆ. ಇದು ಚೌಕಾಸಿ ಮಾಡುತ್ತದೆ! ನಮ್ಮ ಕಡೆಯದೇ!

ಈ ಸಾಲಿಗೆ ಇನ್ನೊಂದು ಗುಣ ಇದೆ. ಉತ್ತರ ತುಂಬಿಸಿಕೊಳ್ಳಲು ನೀವು ಪಾತ್ರೆ ಒಯ್ಯಬೇಕು, ಪಾತ್ರೆ ಎಷ್ಟು ದೊಡ್ಡದು ಎಂದೂ ಮೊದಲೇ ಇನ್ನೊಂದು ಜಾಗದಲ್ಲಿ ಬರೆದು ಆ ಜಾಗದ ವಿಳಾಸ ಕೊಡಬೇಕು. ಅದು ಉತ್ತರ ತುಂಬಿಸಿ, ಎಷ್ಟು ತುಂಬಿಸಿದೆ ಎಂದು ಅದೇ ಜಾಗದಲ್ಲಿ ತಿದ್ದಿ ಬರೆಯುತ್ತದೆ. ನಾನು ಮೊದಲು ಅಳತೆಯ ಜಾಗದಲ್ಲಿ ಸೊನ್ನೆ ಬಿಟ್ಟಿದ್ದೆ. ಯಂತ್ರ ಸೊನ್ನೆ ಅಳತೆಯ ಪಾತ್ರೆಗೆ ಏನೂ ಸುರಿಯದೆ, ಕೆಲಸ ಆಯಿತು ಎಂದು ಮರ್ಯಾದೆಯಿಂದ ಹೇಳಿ ಕಳಿಸುತ್ತಿತ್ತು. ಪಾತ್ರೆಯ ತಳದಲ್ಲಿ ಹಿಂದೆ ಯಾವಾಗಲೋ ಉಳಿದಿದ್ದ ಅಂಕಿಯನ್ನು ನಾನು ಉತ್ತರವೆಂದು ಒಂದು ವಾರ ನಂಬಿಕೊಂಡಿದ್ದೆ. ಫಿಲೋಮಿನಾ ನೋಡಿ, “ಚೌಡಪ್ಪಣ್ಣಾ, ಡೈರಿಗೆ ಕ್ಯಾನು ತಗೊಂಡು ಹೋಗಿ ಮುಚ್ಚಳ ತೆಗೀದೇ ವಾಪಸ್ ಬಂದಿದ್ದೀರಿ” ಅಂದಳು.

ತಂತಿ ಎಳೆದ ಹೊಸತರಲ್ಲಿ ಇನ್ನೊಂದು ಫಜೀತಿ. ಉದ್ದ ತಂತಿಯ ಎರಡು ತುದಿಗೂ ಬೆರಳ ತುದಿಯಷ್ಟು ಒಂದೊಂದು ಮುಚ್ಚಳ. ಅದು ಇಲ್ಲದಿದ್ದರೆ ಇಡೀ ತಂತಿ ಸತ್ತಂತೆ. ಒಂದು ಬೆಳಿಗ್ಗೆ ತಂತಿ ಸತ್ತಿತು. ಗೇಟಿನಿಂದ ದಿಬ್ಬದವರೆಗೆ ಕೈಯಲ್ಲಿ ಹಿಡಿದು ತಡವುತ್ತ ಹೋದೆವು. ಸ್ಟೋರ್ಸಿನವರು ಆಯುಧಪೂಜೆಯೆಂದು ಮುಚ್ಚಳ ಬಿಚ್ಚಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ಕುಂಕುಮ ಇಟ್ಟು, ದೇವರ ಪಟದ ಮುಂದೆ ಇಟ್ಟಿದ್ದರು. ಮಂಗಳಾರತಿ ಆಗುವವರೆಗೂ ಕೊಡಲಿಲ್ಲ. ಅದನ್ನು ವಾಪಸ್ ಸಿಕ್ಕಿಸಿದ ಮೇಲೆ ತಂತಿ ಎಂದಿಗಿಂತ ಚೆನ್ನಾಗಿ ಓಡಿತೆಂದು ಅವರು ಇವತ್ತಿಗೂ ಹೇಳುತ್ತಾರೆ.

ಈಗ ಮುಖ್ಯ ಸಂಗತಿ.

ಗೇಟಿನ ಪ್ರೋಗ್ರಾಂ ಸ್ಟೋರ್ಸನ್ನು ಕರೆಯುತ್ತದೆ. ಕರೆದು ಅಲ್ಲೇ ಬಾಯಿ ಬಿಟ್ಟುಕೊಂಡು ಕಾಯಬಾರದು, ಲಾರಿ ನಿಲ್ಲುತ್ತದಲ್ಲ, ಅದಕ್ಕೆ ಕರೆ ಬಿಟ್ಟು ಬೇರೆ ಕೆಲಸ ನೋಡಿ, ಸ್ವಲ್ಪ ಹೊತ್ತಿಗೆ ಬಂದು ‘ಕರೆ ಸೇರಿತಾ, ಏನಾದರೂ ತೊಂದರೆಯಾಯಿತಾ’ ಎಂದು ಸಾಕೆಟ್ಟನ್ನು ಕೇಳಬೇಕು. ಅದನ್ನು ಕೇಳುವುದೂ ಗೆಟ್‌ಸಾಕ್‌ಆಪ್ಟ್‌ನಿಂದಲೇ. ಸೊನ್ನೆ ಬಂದರೆ ಸರಿ. ಬೇರೆ ಅಂಕಿ ಬಂದರೆ ತೊಂದರೆ, ಯಾವ ತೊಂದರೆ ಎಂದು ಆ ಅಂಕಿಯೇ ಹೇಳುತ್ತದೆ. ನಾನು ಬರೆದದ್ದನ್ನು ದೊರೈ ಸಾರ್ ತರಿಸಿಕೊಂಡು ಓದಿಸಿ ಕೇಳಿದರು. ಎಲ್ಲ ಆದ ಮೇಲೆ, ಎಷ್ಟು ಸಲ ಕೇಳುತ್ತೀಯ ಅಂದರು. ಒಂದು ಸಲ ಅಂದೆ. ಅವರು ಪೆನ್ನಿನ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿದರು. ಅವರ ಗೇಟಿನಿಂದ ಹೋಗುವ ಯಾವ ಅಂಕಿಯೇ ಆಗಲಿ, ಮೂರು ಸಲ ಕೇಳಿ ಎರಡು ಒಂದೇ ಬಂದರೆ ಮಾತ್ರ ಸಹಿ. ನನಗೂ ಅದು ಸರಿಯೆನಿಸಿತು. ಯಂತ್ರಕ್ಕೇನು ಖರ್ಚು, ಮೂರು ಸಲ ಕೇಳಿದರಾಯಿತು. ಖುಷಿಯಿಂದಲೇ ಬರೆದೆ: ಕೇಳು, ಮತ್ತೆ ಕೇಳು, ಮತ್ತೊಮ್ಮೆ ಕೇಳು, ಯಾವ ಎರಡು ಕೂಡುತ್ತವೋ ಅದನ್ನು ಹಿಡಿ. ಲೋಕದಲ್ಲಿ ಇಷ್ಟು ಜಾಗರೂಕವಾದ ಪ್ರೋಗ್ರಾಂ ಇನ್ನೊಂದಿಲ್ಲ ಎಂದು ನಮಗೆ ಮೂವರಿಗೂ ಹೆಮ್ಮೆ.

ಗೇಟಿನಲ್ಲಿ ಓಡಿಸಿದ ಮೊದಲ ದಿನ ಬೆಳಿಗ್ಗೆಯೆಲ್ಲ ಬಂಗಾರದಂತೆ ಓಡಿತು. ತೂಕ ಇಲ್ಲಿ ಒತ್ತಿದರೆ ದಿಬ್ಬದ ಮೇಲೆ ಮೂಡುತ್ತಿತ್ತು. ಊಟದ ಸಂಗು, ಎಂದರೆ ಕಾರ್ಖಾನೆಯ ಸೈರನ್ನು, ಕೂಗಿತು. ಸ್ಟೋರ್ಸಿನವರು ತಮ್ಮ ಕಡೆಯ ಪ್ರೋಗ್ರಾಂ ಮುಚ್ಚಿ ಕ್ಯಾರಿಯರ್ ಬಿಚ್ಚಿದರು. ಗೇಟಿಗೆ ಊಟದ ಬಿಡುವಿಲ್ಲ, ಲಾರಿ ಬರುತ್ತಲೇ ಇರುತ್ತವೆ. ಮುಂದಿನ ಲಾರಿಯ ತೂಕ ಒತ್ತಿದ್ದೇ ತಡ, ನಮ್ಮ ಪ್ರೋಗ್ರಾಂ ಸತ್ತುಹೋಯಿತು. ಕೂಗಲಿಲ್ಲ, ಗೊಣಗಲಿಲ್ಲ. ಪರದೆ ಖಾಲಿ, ಮೂಲೆಯಲ್ಲಿ ಕರ್ಸರ್ ಕಣ್ಣು ಮಿಟುಕಿಸುತ್ತಿದೆ. ಮತ್ತೆ ಎಬ್ಬಿಸಿದೆ, ಮತ್ತೆ ಸತ್ತಿತು.

ತೂಕ ದಾಖಲಾಗದೆ ಲಾರಿ ಬಿಡುವಂತಿಲ್ಲ. ಒಂದರ ಹಿಂದೆ ಒಂದು ನಿಂತವು. ಸಾಲು ಗೇಟು ದಾಟಿ ಉರಿಗಾಂ ರಸ್ತೆಗೆ ಬಂತು, ಅಲ್ಲಿ ಸಿಟಿ ಬಸ್ಸು ಸಿಕ್ಕಿಕೊಂಡಿತು, ಬಸ್ಸಿನಲ್ಲಿದ್ದವರು ಇಳಿದು ಬಂದು ಮೂರು ಭಾಷೆಯಲ್ಲಿ ನಮ್ಮ ವಿಚಾರ ಕೇಳತೊಡಗಿದರು. ಒಬ್ಬ ಡ್ರೈವರ್ ಲಾರಿಯ ಕೆಳಗೇ ಒಲೆ ಹಚ್ಚಿ ಅನ್ನಕ್ಕಿಟ್ಟ. ಹಾರನ್ನುಗಳ ನಡುವೆ ಹಿರೇಮಠ ಸಾಹೇಬರು ಬಾಯಿ ಒರೆಸಿಕೊಳ್ಳುತ್ತ ಬಂದರು. ಕೂಗಾಡಲಿಲ್ಲ. ಅದೇ ಹೆದರಿಕೆ.

“ಶನಿವಾರತನಕ ನೋಡ್ತೀನ್ರಿ. ಶನಿವಾರ ಊಟದ ಹೊತ್ತಿಗೆ ಇಲ್ಲೇ ಬಂದು ನಿಂದರ್ತೀನಿ. ಒಂದು ಲಾರಿ ನಿಂತ್ರೂ ತಂತಿ ಕಿತ್ತಿಸಿ, ರೂಮಿಗೆ ಕೀಲಿ ಹಾಕಿಸ್ತೀನಿ.”

ಫಿಲೋಮಿನಾ ಕೀಲಿಮಣೆಯ ಮೇಲಿದ್ದ ಬೆಳಗಿನ ಪೂಜೆಯ ಹೂವಿನ ಎಸಳನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕಿದಳು.

ಅವತ್ತಿನಿಂದ ಪರೀಕ್ಷೆಯೋ ಪರೀಕ್ಷೆ. ತಂತಿ ನೋಡಿದೆವು, ಮುಚ್ಚಳ ನೋಡಿದೆವು, ದೇವರ ಪಟದ ಹಿಂದೆಯೂ ನೋಡಿದೆವು. ಎಲೆಕ್ಟ್ರಿಷಿಯನ್ನು ಕರೆಂಟು ಸರಿಯಿಲ್ಲ ಅಂದ, ಎಲ್ಲದಕ್ಕೂ ಅವನ ಉತ್ತರ ಅದೇ. ಸ್ಟೋರ್ಸಿನವರು ನಾವು ಊಟ ಮಾಡುವುದೇ ತಪ್ಪಾ ಎಂದು ಕಾರ್ಮಿಕ ಸಂಘದ ತನಕ ಹೋಗುವ ಮಾತಾಡಿದರು. ಅವರ ಊಟ ತಪ್ಪಿಸಿ ಗೆಲ್ಲುವುದು ಗೆಲುವಲ್ಲ. ಅವರು ಮುಚ್ಚಿದ್ದರೂ ಗೇಟು ನಡೆಯಬೇಕು. ಬಾಗಿಲು ಮುಚ್ಚಿದೆ ಎಂದು ಗೊತ್ತಾದರೆ ತೂಕವನ್ನು ಇಲ್ಲೇ ಇಟ್ಟುಕೊಂಡು ಆಮೇಲೆ ಕಳಿಸು ಎಂದು ಪ್ರೋಗ್ರಾಮಿನಲ್ಲಿ ಬರೆದೂ ಇದ್ದೆ. ಆದರೆ ಬಾಗಿಲು ಮುಚ್ಚಿದೆ ಎಂದು ಅದಕ್ಕೆ ಗೊತ್ತೇ ಆಗುತ್ತಿಲ್ಲ. ಸೇರಿತು ಸೇರಿತು ಎಂದುಕೊಂಡು ಇಲ್ಲದ ಕಿವಿಗೆ ಮಾತಾಡಲು ಹೋಗಿ ಸಾಯುತ್ತಿತ್ತು.

ಶುಕ್ರವಾರ ಊಟದ ಹೊತ್ತಿನಲ್ಲಿ ಫಿಲೋಮಿನಾ ಮೂರು ಉತ್ತರವನ್ನೂ ಪರದೆಯ ಮೇಲೆ ತೋರಿಸುವಂತೆ ಮಾಡಿದಳು. ಮೊದಲ ಉತ್ತರ: ಎದುರಿನವರು ಬಾಗಿಲು ಮುಚ್ಚಿದ್ದಾರೆ ಎಂಬ ಅಂಕಿ. ಎರಡನೆಯದು ಸೊನ್ನೆ. ಮೂರನೆಯದು ಸೊನ್ನೆ. ಹತ್ತು ಸಲ ಓಡಿಸಿದರೂ ಹಾಗೇ. ದೊರೈ ಸಾರ್ ಬಗ್ಗಿ ನೋಡಿದರು.

“ಎರಡು ಸೊನ್ನೆ ಕೂಡಿತಲ್ಲಪಾ, ಅದೇ ಸರಿ. ಮೊದಲಿಂದು ಮುಳ್ಳು ಆಡಿರೋದು.”

“ಮುಳ್ಳು ಆಡಿದ್ರೆ ಒಂದೊಂದ್ಸಲ ಒಂದೊಂದು ಬರಬೇಕಲ್ಲ ಸಾರ್” ಅಂದಳು ಫಿಲೋಮಿನಾ. “ಇದು ಹತ್ತು ಸಲವೂ ಅದೇ ಅಂಕಿ.”

ನಾನು ಆ ಮೂರು ಸಾಲನ್ನು ನೋಡುತ್ತ ನಿಂತೆ. ಅಪ್ಪನ ಟವೆಲು ನೆನಪಿಗೆ ಬಂತು. ಚಿಕ್ಕವನಾಗಿದ್ದಾಗ ಅಪ್ಪ ಒಮ್ಮೆ ನನ್ನ ಕೈಗೆ ಟವೆಲು ಹೊದಿಸಿ ಬೆರಳು ಒತ್ತಿದ್ದ. ನನಗೆ ಸರಿಯಾಗಿ ತಿಳಿಯದೆ ಇನ್ನೊಂದ್ಸಲ ಒತ್ತಪ್ಪಾ ಅಂದೆ. ಅಪ್ಪ ಕೈ ಎಳೆದುಕೊಂಡ.

“ಎಲ್ಡನೇ ಸಲ ಯಾವನ್ಲಾ ಒತ್ತವ್ನೆ? ಮೊದಲ್ನೇದೇ ನಿಜ. ಆಮ್ಯಾಕೆ ಕೇಳುದ್ರೆ ಯಾಪಾರ ಮುಗೀತು ಅಂತ ಕೈ ಕೊಡವ್ಕೊಂಡು ಓಯ್ತಾನೆ.”

ಲಾರಿಯ ತೂಕದಲ್ಲಿ ಮೊದಲನೆಯದು ಸುಳ್ಳು. ಟವೆಲಿನ ಅಡಿಯಲ್ಲಿ ಮೊದಲನೆಯದೇ ನಿಜ, ಆಮೇಲಿನದು ಬರೀ ಖಾಲಿ ಕೈ. ಈ ಸಾಕೆಟ್ಟು ಯಾವ ಕಸುಬಿನದು? ಎರಡು ಮತ್ತು ಮೂರನೆಯ ಪ್ರಶ್ನೆಗಳನ್ನು ಅಳಿಸಿ ಒಂದನ್ನೇ ಬಿಟ್ಟೆ. ಆ ಒಂದೇ ಪ್ರಶ್ನೆಯನ್ನು ಬೇಕೆಂದೇ ತಡಮಾಡಿ ಕೇಳಿದೆ. ಎಷ್ಟು ತಡಮಾಡಿದರೂ ಮೊದಲ ಸಲ ಕೇಳಿದಾಗ ಸರಿಯಾದ ಅಂಕಿಯನ್ನೇ ಹೇಳಿತು. ಮತ್ತೆ ಕೇಳಿದರೆ ತಕ್ಷಣ ಸೊನ್ನೆ. ಫಿಲೋಮಿನಾ ಕೈಪಿಡಿ ತೆಗೆದು ಆ ಪುಟ ಓದಿದಳು. ಸಾಕೆಟ್ಟಿನಲ್ಲಿ ಬಾಕಿಯಿರುವ ತೊಂದರೆಯನ್ನು ತಿಳಿಸಿ, ತಿಳಿಸಿದ ಮೇಲೆ ಅಳಿಸಿಬಿಡುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿಯೇ ಅಚ್ಚಾಗಿತ್ತು. ನಾವು ಅದನ್ನು ಮೊದಲೇ ಓದಿದ್ದೆವು. ‘ತಿಳಿಸುತ್ತದೆ’ ಎನ್ನುವಷ್ಟಕ್ಕೆ ಸಂತೋಷಪಟ್ಟು ಪುಟ ಮಗುಚಿದ್ದೆವು. ಗೋದಾಮಿನ ಅಳತೆಯಂಥದ್ದನ್ನು ನೂರು ಸಲ ಕೇಳಿದರೂ ನೂರು ಸಲ ಹೇಳುತ್ತದೆ. ತೊಂದರೆಯನ್ನು ಮಾತ್ರ ಒಂದು ಸಲ. ನಾವು ಮೂರು ಸಲ ಕೇಳಿ, ನಿಜ ಹೇಳಿದ ಒಂದನ್ನು ಖಾಲಿ ಎರಡರಿಂದ ಸೋಲಿಸುತ್ತಿದ್ದೆವು. ಮುಚ್ಚಿದ ಬಾಗಿಲನ್ನು ಓಟು ಹಾಕಿ ತೆರೆದಿದೆ ಎನ್ನಿಸಿದ್ದೆವು!

ನಾನೂ ಫಿಲೋಮಿನಾಳೂ ನಕ್ಕೆವು ನೋಡಿ. ನಗು ನಿಲ್ಲಿಸೋಣ ಅಂದರೆ ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ನಗು. ಹೊರಗೆ ಹಾರನ್ನು, ಒಳಗೆ ಕಣ್ಣಲ್ಲಿ ನೀರು. ದೊರೈ ಸಾರ್ ಮಾತ್ರ ನಗಲಿಲ್ಲ.

ಅವರ ಮಾತು ಸರಳ. ಈ ಯಂತ್ರ ಏನು ಬೇಕಾದರೂ ಮಾಡಲಿ, ಒಂದು ಸಲ ಕೇಳಿದ ಅಂಕಿಗೆ ತಾವು ಸಹಿ ಹಾಕುವುದಿಲ್ಲ. ಅವರ ಸಹಿ ಇಲ್ಲದೆ ಹೊಸ ಪ್ರೋಗ್ರಾಮನ್ನು ಗೇಟಿನಲ್ಲಿ ಓಡಿಸುವಂತಿಲ್ಲ. ಶನಿವಾರ ನಾಳೆ. ಫಿಲೋಮಿನಾಳ ನಗು ಅರ್ಧಕ್ಕೇ ನಿಂತಿತು.

ಇಲ್ಲಿ ವಾದ ಮಾಡಿದರೆ ಕೆಡುತ್ತದೆ ಎಂದು ನನಗೆ ಗೊತ್ತಿತ್ತು. ಆ ಮನುಷ್ಯ ಟಾರ್ಪಾಲಿನಿಂದ ಕ್ಲೀನರನ್ನು ತೆಗೆದವರು, ಅವರ ಕಾಯಿದೆಯನ್ನು ತಪ್ಪು ಎಂದರೆ ಕಾಟಾವನ್ನೇ ತಪ್ಪು ಎಂದಂತೆ. ಒಂದು ಟೀ ತರಿಸಿದೆ. ಕಾಯಿದೆ ಇರಲಿ ಸಾರ್, ಜಾಗ ಮಾತ್ರ ಬದಲಿಸೋಣ ಅಂದೆ. ಸಾಕೆಟ್ಟನ್ನು ಒಂದು ಸಲ ಕೇಳುತ್ತೇನೆ, ಹೇಳಿದ್ದನ್ನು ಆ ಕ್ಷಣವೇ ನಮ್ಮದೇ ಒಂದು ಡಬ್ಬಿಯಲ್ಲಿ ಬರೆದಿಡುತ್ತೇನೆ. ಆಮೇಲೆ ಆ ಡಬ್ಬಿಯನ್ನು ಮೂರು ಸಲ ಓದುತ್ತೇನೆ. ಒಂದು ಓದು ಗೇಟಿನದು, ಒಂದು ಸ್ಟೋರ್ಸಿನದು, ಒಂದು ನಿಮ್ಮದು.

ಅವರು ಟೀ ಊದಿ ಊದಿ ಕುಡಿದರು.

“ಡಬ್ಬೀಲಿ ಇರೋದು ಅಳಿಸಲ್ವಾ?”

“ನಾವು ಅಳಿಸಿದ್ರೆ ಉಂಟು ಸಾರ್.”

“ಮೂರೂ ಒಂದೇ ಬರ್ತದಾ?”

“ಮೂರೂ ಒಂದೇ. ಯಾವತ್ತೂ.”

“ಇಷ್ಟು ವರ್ಷ ಆಯ್ತು, ನಮ್ಮ ಕಾಟಾದಲ್ಲೇ ಹಂಗೆ ಬಂದಿಲ್ಲಪಾ” ಅಂದರು. ಅವರು ದಡ್ಡರಲ್ಲ, ನಾನು ಏನು ಮಾಡುತ್ತಿದ್ದೇನೆಂದು ಅವರಿಗೆ ತಿಳಿದಿತ್ತು. ಪೆನ್ನಿನ ಟೋಪಿ ತೆಗೆದರು. “ಆಗಲಿ. ಚೀಟಿ ಒಂದು, ಸಹಿ ಮೂರು ಅಂದ್ಕೊಳ್ತೀನಿ.”

ಶನಿವಾರ ಊಟದ ಸಂಗಿಗೆ ಮುಂಚೆಯೇ ಹಿರೇಮಠ ಸಾಹೇಬರು ಕಾಟಾದ ಪಕ್ಕ ಕೊಡೆ ಊರಿಕೊಂಡು ನಿಂತಿದ್ದರು. ಫಿಲೋಮಿನಾ ಕೀಲಿಮಣೆಯ ಮುಂದೆ. ಶಿಲುಬೆಯ ಗುರುತು ಮಾಡಿಕೊಂಡಳು, ದೊರೈ ಸಾರ್ ಒಂದು ನಿಂಬೆಹಣ್ಣು ತಂದು ಕುರ್ಚಿಯ ಚಕ್ರದ ಪಕ್ಕ ಇಟ್ಟರು, ನಾನು ಎರಡಕ್ಕೂ ಕೈ ಮುಗಿದೆ. ಸಂಗು ಕೂಗಿತು. ದಿಬ್ಬದ ಮೇಲೆ ಸ್ಟೋರ್ಸಿನವರು ಮುಚ್ಚಿದರು. ಕಲ್ಲಿದ್ದಲಿನ ಲಾರಿ ಹಲಗೆ ಹತ್ತಿತು. ಮೂವರು ಮೂರು ಸಲ ಕೂಗಿದರು. ಅವಳು ಒತ್ತಿದಳು.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ನಾವು ಬರೆದಿಟ್ಟ ಕನ್ನಡ ಮೂಡಿತು: ಸ್ಟೋರ್ಸ್ ಊಟಕ್ಕೆ ಹೋಗಿದೆ, ತೂಕ ನನ್ನ ಹತ್ತಿರ ಇದೆ, ಲಾರಿ ಬಿಡಿ.

ಲಾರಿ ಹೋಯಿತು. ಹಿಂದಿನದು ಹತ್ತಿತು, ಅದೂ ಹೋಯಿತು. ಮೊದಲ ದಿನ ಅನ್ನಕ್ಕಿಟ್ಟಿದ್ದ ಡ್ರೈವರು ಇವತ್ತೂ ಲಾರಿ ನಿಲ್ಲುತ್ತದೆಂದು ಒಲೆ ಹಚ್ಚಿಕೊಂಡಿದ್ದ, ಹಿಂದಿನವರು ಹಾರನ್ನು ಹೊಡೆದು ಅರ್ಧ ಬೆಂದ ಅನ್ನದ ಸಮೇತ ಅವನನ್ನು ಎಬ್ಬಿಸಿದರು. ಪಾತ್ರೆಯನ್ನು ತೊಡೆಯ ನಡುವೆ ಇಟ್ಟುಕೊಂಡೇ ಕಾಟಾ ಹತ್ತಿದ. ದೊರೈ ಸಾರ್ ಪಾತ್ರೆ ಇಳಿಸದೆ ತೂಗಲು ಒಪ್ಪಲಿಲ್ಲ. ಸ್ಟೋರ್ಸಿನವರು ಕೈ ತೊಳೆದುಕೊಂಡು ಬಂದು ಪ್ರೋಗ್ರಾಂ ತೆರೆದದ್ದೇ, ಕೂಡಿಟ್ಟಿದ್ದ ತೂಕಗಳೆಲ್ಲ ಸಾಲಾಗಿ ಅವರ ಪರದೆಗೆ ಇಳಿದವು. ಒಬ್ಬ ಓಡಿಬಂದು, ನಾವು ಇಲ್ಲದಾಗ ಯಾರು ಬಂದು ತುಂಬಿಸಿದರು ಎಂದು ಕೇಳಿದ.

ಹಿರೇಮಠ ಸಾಹೇಬರು ಕೊಡೆ ಮಡಚಿದರು. ಫಿಲೋಮಿನಾಳನ್ನು ನೋಡಿ, “ಆರ್ಡರ್ ಸೋಮವಾರ ಬಂದು ಒಯ್ಯವಾ. ಈ ಸಲ ತಾತ್ಕಾಲಿಕ ಅನ್ನೂ ಶಬ್ದ ತೆಗಸ್ತೀನಿ” ಅಂದರು. ಅವಳು ಥ್ಯಾಂಕ್ಸ್ ಹೇಳುವುದರ ಬದಲು ಕುರ್ಚಿಯನ್ನು ಜೋರಾಗಿ ಹಿಂದಕ್ಕೆ ತಳ್ಳಿ ಎದ್ದಳು. ನಿಂಬೆಹಣ್ಣು ಪಚಕ್ ಎಂದಿತು. ಅದಾದ ಮೇಲೆ ಅವಳು ಆ ಕಾರ್ಖಾನೆಯಲ್ಲಿ ನನಗಿಂತ ಹೆಚ್ಚು ಕಾಲ ಕೆಲಸ ಮಾಡಿದಳು.

ಈಗ ಈ ಕಸುಬಿಗೆ ಬರುವವರಿಗೆ ಒಂದೆರಡು ಮಾತು. ಸಾಕೆಟ್ಟಿಗೆ ಏನಾದರೂ ಹೇಳಿಟ್ಟರೆ ಅಲ್ಲಿಗೆ ಬಿಡಬೇಡಿ, ಎಷ್ಟು ಕೊಟ್ಟೆ ಎಂದು ವಾಪಸ್ ಕೇಳಿ. ಕೇಳುವ ಮೊದಲು ಪಾತ್ರೆಯ ಅಳತೆ ಬರೆದಿದ್ದೀರಾ ನೋಡಿಕೊಳ್ಳಿ, ಪ್ರತಿ ಸಲ ಹೊಸದಾಗಿ ಬರೆಯಿರಿ, ಯಾಕೆಂದರೆ ಹಿಂದಿನ ಸಲ ಅದು ಆ ಅಂಕಿಯನ್ನು ತಿದ್ದಿರುತ್ತದೆ. ಕೇಳುವ ಸಾಲೇ ವಿಫಲವಾಯಿತಾ, ಅಥವಾ ಸಾಲು ಸರಿಯಾಗಿ ನಡೆದು ತೊಂದರೆಯ ಸುದ್ದಿ ತಂದಿತಾ, ಇವೆರಡು ಬೇರೆ ಬೇರೆ, ಎರಡನ್ನೂ ನೋಡಿ. ತೊಂದರೆ ಏನೆಂದು ಕೇಳುವುದಾದರೆ ಒಬ್ಬರೇ, ಒಂದೇ ಜಾಗದಲ್ಲಿ, ಒಂದೇ ಸಲ ಕೇಳಿ. ಬಂದದ್ದನ್ನು ನಿಮ್ಮ ಡಬ್ಬಿಯಲ್ಲಿಟ್ಟುಕೊಂಡು ಬೇಕಾದವರಿಗೆಲ್ಲ ಅದನ್ನೇ ತೋರಿಸಿ. ದೋಷ ಹುಡುಕಲೆಂದು ನಡುವೆ ನೀವೇ ಇನ್ನೊಂದು ಪ್ರಶ್ನೆ ತೂರಿಸಿದರೆ, ಉತ್ತರ ನಿಮಗೆ ಸಿಗುತ್ತದೆ, ಪಾಪದ ಪ್ರೋಗ್ರಾಮಿಗೆ ಸಿಗುವುದಿಲ್ಲ. ಎದುರಿನವನು ಹೋದ ಮೇಲೆ ಮಾತಾಡಿದರೆ ಯೂನಿಕ್ಸ್ ಒಂದು ಸಂಕೇತ ಕಳಿಸಿ ನಿಮ್ಮ ಪ್ರೋಗ್ರಾಮನ್ನು ಸದ್ದಿಲ್ಲದೆ ಮುಗಿಸುತ್ತದೆ, ಆ ಸಂಕೇತವನ್ನು ಮೊದಲೇ ಹಿಡಿದಿಡಿ. ಮೇಲಿನವರು ಹಳೆ ಕಾಯಿದೆ ಹಿಡಿದು ಕೂತರೆ ಅದು ಯಾಕೆ ಹುಟ್ಟಿತು ಎಂದು ಕೇಳಿ ತಿಳಿದುಕೊಂಡು, ಅದಕ್ಕೆ ಕೂರಲು ಬೇರೆ ಜಾಗ ಮಾಡಿಕೊಡಿ. ಮತ್ತೆ, ನೀವು ಬರೆದದ್ದನ್ನು ಬೆಳಿಗ್ಗೆ ಹತ್ತು ಗಂಟೆಗೆ, ಎಲ್ಲರೂ ಕೂತು ನೋಡುತ್ತಿರುವಾಗ ಪರೀಕ್ಷೆ ಮಾಡಬೇಡಿ, ಆಗ ಎಲ್ಲವೂ ನಡೆಯುತ್ತದೆ. ಆ ಕಡೆಯವರು ಊಟಕ್ಕೆ ಎದ್ದು ಹೋಗಲಿ, ಆಮೇಲೆ ಒತ್ತಿ ನೋಡಿ.